ನಡುವಿನ ಪುಟಗಳ ವಕೀಲರು

ನನ್ನ ಭಾವನನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅವರು ವಕೀಲರು. ಮೂವತ್ತು ವರ್ಷದ ವೃತ್ತಿಯಲ್ಲಿ ಕೋರ್ಟಿನಲ್ಲಿ ನಿಂತು ವಾದ ಮಾಡಿದ್ದು ಬೆರಳೆಣಿಕೆಯಷ್ಟು. ಅಂಗಡಿ, ಗೋದಾಮು, ಆಫೀಸು ಕಟ್ಟಡಗಳ ಕ್ರಯಪತ್ರ, ಬಾಡಿಗೆ ಕರಾರು ಬರೆಯುವುದೇ ಕಸುಬು. ಶುರುವಿನಲ್ಲಿ ಸೀನಿಯರ್ ಒಬ್ಬರ ಕೈಕೆಳಗೆ ನೋಂದಣಿ ಕಚೇರಿಯ ಧೂಳು ಕುಡಿದರು. ಯಾವ ಗೋಡೆ ಯಾರದು, ಯಾವ ಮಹಡಿ ಎಲ್ಲಿ ಅಡವಿದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಕೆಲಸದಲ್ಲಿ ಹುಳುಕಿಲ್ಲ, ಒಪ್ಪುತ್ತೇನೆ. ಹುಳುಕೆಲ್ಲ ಮನುಷ್ಯನಲ್ಲಿ. ಜೂನಿಯರ್‌ಗಳಿಗೆ ಅವರ ಪಾಠ ಒಂದೇ: "ಬಾಡಿಗೆದಾರ ಮೊದಲ ಪುಟ ಓದ್ತಾನೆ, ಕೊನೇ ಪುಟಕ್ಕೆ ಸಹಿ ಹಾಕ್ತಾನೆ. ನಮ್ಮ ಅನ್ನ ಇರೋದು ನಡುವಿನ ಪುಟಗಳಲ್ಲಿ."

ನನ್ನದು ಕನ್ನಡಕದ ಅಂಗಡಿ. ನಾಲ್ಕು ಮಹಡಿಯ ಕಟ್ಟಡದ ಕೆಳಗಡೆ, ಮೆಟ್ಟಿಲ ಪಕ್ಕ, ಹನ್ನೆರಡು ವರ್ಷದಿಂದ ಇದೆ. ಕಟ್ಟಡದ ಮಾಲೀಕನಿಗೆ ಭಾವನೇ ವಕೀಲರು. ಕರಾರು ಮುಂದುವರಿಯಬೇಕಾದರೆ ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ಬರೆದು ತಿಳಿಸಬೇಕಂತೆ. ಎರಡು ಸಲ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಭಾವನಿಗೆ ಬಾಯಲ್ಲೇ ಹೇಳಿದ್ದೆ, ಕೆಲಸ ಆಗಿತ್ತು. ಮೂರನೇ ಸಲವೂ ಹಾಗೇ ಹೇಳಿದೆ. "ಆಯ್ತಪ್ಪ" ಅಂದು ಕೈ ತೊಳೆಯಲು ಎದ್ದರು.

ಗಡುವು ಮುಗಿದ ವಾರಕ್ಕೆ ಖಾಲಿ ಮಾಡಲು ನೋಟಿಸು ಬಂತು. ಕೆಳಗೆ ಭಾವನ ಸಹಿ. ಜಾಗ ಯಾವುದೋ ಬ್ಯಾಂಕಿಗೆ ಬೇಕಿತ್ತಂತೆ.

ಅವರ ಆಫೀಸಿಗೆ ಹೋದೆ. ಕೂತ್ಕೋ ಅನ್ನಲಿಲ್ಲ.

"ನಿಮಗೆ ಹೇಳಿದ್ನಲ್ಲ ಭಾವ!"

"ನೀನು ಹೇಳಿದ್ದು ಭಾವನಿಗೆ. ವಕೀಲನಿಗೆ ಕಾಗದ ಬಂದಿಲ್ಲ." ಆಮೇಲೆ ದನಿ ತಗ್ಗಿಸಿ, "ಹಿಂದಿನ ಗಲ್ಲೀಲಿ ಒಂದು ಕೋಣೆ ನೋಡಿದೀನಿ. ಕರಾರು ನಾನೇ ಬರ್ಕೊಡ್ತೀನಿ, ಫೀಸು ಬೇಡ" ಅಂದರು.

ಮಗುವನ್ನು ಚಿವುಟಿ ತೊಟ್ಟಿಲನ್ನೂ ತೂಗುವ ಬುದ್ಧಿ! ಅಲ್ಲೇ ಕೊರಳಪಟ್ಟಿ ಹಿಡಿಯಬೇಕಿತ್ತು. ಅಕ್ಕನ ಮುಖ ನೆನಪಾಗಿ ಸುಮ್ಮನಾದೆ.

ಭಾನುವಾರ ಬೆಳಿಗ್ಗೆ ಮನೆಗೆ ಕರೆಸಿ ಕಾಗದ ಮುಂದಿಟ್ಟರು. ಅಂಗಡಿಯನ್ನು ನಾನು 'ಸ್ವಇಚ್ಛೆಯಿಂದ' ಬಿಟ್ಟುಕೊಡುತ್ತಿದ್ದೇನೆ ಎಂದಿತ್ತು. ನಾನು ಸಹಿ ಹಾಕದಿದ್ದರೆ ಮಾಲೀಕ ಕೋರ್ಟಿಗೆ ಹೋಗಬೇಕು, ಅದು ವರ್ಷಗಟ್ಟಲೆ ಎಳೆಯುತ್ತದೆ, ಅಷ್ಟು ದಿನ ಬ್ಯಾಂಕು ಕಾಯುವುದಿಲ್ಲ. ಇದೆಲ್ಲ ನನಗೂ ಗೊತ್ತಿತ್ತು. ಆದರೆ ಈ ಮನುಷ್ಯನ ಜೊತೆ ಗುದ್ದಾಡಿ ಸಾಕಾಗಿತ್ತು. ಪೆನ್ನು ತೆಗೆದುಕೊಂಡೆ.

"ನೀನೂ ಸಾಕ್ಷಿ ಹಾಕು ಬಾ" ಎಂದು ಅಕ್ಕನನ್ನು ಕರೆದರು. ಮನೆಯಲ್ಲಿ ಆಗುವ ಕರಾರುಗಳಿಗೆಲ್ಲ ಸಾಕ್ಷಿ ಅವಳದೇ. ತೋರಿಸಿದ ಕಡೆ ಸಹಿ ಹಾಕಿ ಒಳಗೆ ಹೋಗುವುದು ಅವಳ ರೂಢಿ. ಅವತ್ತು ಕಾಗದ ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತು ಓದಿದಳು. ನಿಧಾನವಾಗಿ, ಒಂದೊಂದೇ ಸಾಲು.

"ಕರಾರು ಮುಂದುವರಿಸಿ ಅಂತ ಇವನು ನಿಮಗೆ ಹೇಳಿದಾಗ ನಾನು ಅಲ್ಲೇ ಬಡಿಸ್ತಾ ಇದ್ದೆ. ಇದು ಸುಳ್ಳು ರೀ."

"ಬಾಯಿಮಾತು ಕೋರ್ಟಲ್ಲಿ ನಿಲ್ಲಲ್ಲ ಕಣೇ."

"ಇಷ್ಟು ವರ್ಷ ಓದದೇ ಸಹಿ ಹಾಕಿದೀನಲ್ಲ," ಅಕ್ಕ ಕಾಗದವನ್ನು ಅವರ ಮುಂದೆ ಇಟ್ಟಳು, "ಅದರಲ್ಲಿ ಎಷ್ಟು ಜನರ ಅಂಗಡಿ ಮುಚ್ಚಿಸಿದೀನಿ ನಾನು? ಹೇಳ್ರೀ."

ನಾನು ಸಹಿ ಹಾಕದೆ ಪೆನ್ನು ಕೆಳಗಿಟ್ಟು ಅಂಗಡಿ ತೆರೆಯಲು ಹೋದೆ.