ಎರಡನೇ ಆರೋಪಿಯ ತಾರೀಖು

ಹೊಸದುರ್ಗದಿಂದ ಬೆಳಗಿನ ಬಸ್ಸು ಹಿಡಿದು ಚಿತ್ರದುರ್ಗಕ್ಕೆ ಬಂದಿದ್ದ ಚಾಲಕನೊಬ್ಬ ನನ್ನ ಮೇಜಿನ ಮೇಲೆ ಪತ್ರಿಕೆಯ ತುಣುಕೊಂದನ್ನು ಇಟ್ಟ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನ ಮಾಡಿದ್ದ. ಆರು ವರ್ಷಗಳ ಹಿಂದೆ ನಾನೇ ಬರೆದ ವರದಿ ಅದು. ಐಮಂಗಲದಿಂದ ಆಚೆ, ಹೆದ್ದಾರಿ ಪಕ್ಕದ ಹಳ್ಳಿಯೊಂದರ ಜನ ಕೆಳಸೇತುವೆ ಬೇಕೆಂದು ರಸ್ತೆ ತಡೆ ಮಾಡಿದ್ದರು. ಒಂಬತ್ತು ಮಂದಿಯ ಮೇಲೆ ಪ್ರಕರಣ ದಾಖಲಾಗಿತ್ತು. ಹೆಸರುಗಳ ಸಾಲಿನಲ್ಲಿ ಮೊದಲನೆಯದು ಈತನ ಅಣ್ಣನದು, ಎರಡನೆಯದು ಈತನದು.

"ನೀವು ಹಾಕಿದ್ದೇ ಈಗ ಅಡ್ಡ ಬಂದೈತೆ ಸಾ," ಎಂದ.

ಮದುವೆಯಾದ ಮೇಲೆ ಆತ ಹೆಂಡತಿಯ ಊರಾದ ಹೊಸದುರ್ಗದಲ್ಲೇ ನೆಲೆಸಿ, ತೆಂಗಿನಕಾಯಿ ಸಾಗಿಸುವ ಲಾರಿ ಓಡಿಸುತ್ತಿದ್ದ. ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಈಗ ಅಲ್ಲಿನ ಖಾಸಗಿ ಶಾಲೆಯೊಂದಕ್ಕೆ ವ್ಯಾನ್ ಚಾಲಕ ಬೇಕಾಗಿದ್ದ. ಸಂಜೆಗೆ ಮನೆ ಸೇರುವ ಕೆಲಸ. ಮಾತೆಲ್ಲ ಮುಗಿಯುವ ಹೊತ್ತಿಗೆ ಯಾರೋ ಇದೇ ವರದಿಯನ್ನು ಶಾಲೆಯ ಕಾರ್ಯದರ್ಶಿಗೆ ತಲುಪಿಸಿದ್ದರು. ಕೇಸು ಇರುವವನ ಕೈಗೆ ಮಕ್ಕಳ ವ್ಯಾನ್ ಕೊಡುವುದಿಲ್ಲ, ಶಾಲೆ ಶುರುವಾಗುವುದರೊಳಗೆ ಕೇಸು ಮುಗಿದಿದೆಯೆಂದು ತೋರಿಸು ಎಂದಿದ್ದರು ಅವರು.

"ಕೇಸು ಖುಲಾಸೆ ಆಗಿ ಮೂರು ವರ್ಷ ಆತು. ಅದನ್ನೇ ನಾಕು ಸಾಲು ಹಾಕಿಬಿಡ್ರಿ ಸಾ. ಅವತ್ತು ಹಾಕಿದ್ರಲ್ಲ, ಇವತ್ತೂ ಹಾಕ್ರಿ."

ಆತ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಪ್ರಕರಣ ದಾಖಲಾದ ದಿನ ಪೊಲೀಸ್ ಠಾಣೆಯಿಂದ ಪತ್ರಿಕೆಗಳಿಗೆ ಟಿಪ್ಪಣಿ ಬರುತ್ತದೆ. ಬಿಡುಗಡೆಯಾದ ದಿನ ಯಾರೂ ಏನನ್ನೂ ಕಳಿಸುವುದಿಲ್ಲ, ನಾವೂ ಹುಡುಕಿಕೊಂಡು ಹೋಗುವುದಿಲ್ಲ. ಇಷ್ಟು ವರ್ಷಗಳ ಜಿಲ್ಲಾ ವರದಿಗಾರಿಕೆಯಲ್ಲಿ ನಾನು ಎಷ್ಟು ಆರೋಪಗಳನ್ನು ಬರೆದಿದ್ದೇನೋ ಅಷ್ಟು ತೀರ್ಪುಗಳನ್ನು ಬರೆದಿಲ್ಲ. ಅದನ್ನು ಆತನ ಮುಂದೆ ಒಪ್ಪಿಕೊಂಡೆ. ಆದರೆ ಆದೇಶದ ಪ್ರತಿ ನೋಡದೆ ಒಂದು ಸಾಲನ್ನೂ ಬರೆಯುವುದಿಲ್ಲ ಎಂದೂ ಹೇಳಿದೆ.

"ಪ್ರತಿ ನನ್ನತ್ರ ಇಲ್ಲ. ಅಣ್ಣ ಹೇಳಿದ್ದು."

"ಕುಂತ್ಕೊಳ್ಳಪ್ಪ. ಇಲ್ಲೇ ನೋಡಾಣ."

ನ್ಯಾಯಾಲಯಗಳ ಜಾಲತಾಣವನ್ನು ತೆರೆದೆ. ರಾಜ್ಯ, ಜಿಲ್ಲೆ, ಆಮೇಲೆ ಹಿರಿಯೂರಿನ ನ್ಯಾಯಾಲಯ ಸಂಕೀರ್ಣ, ಒಂದೊಂದನ್ನೂ ಆರಿಸಬೇಕು. ಪ್ರಕರಣ ಸಂಖ್ಯೆ ಗೊತ್ತಿದ್ದರೆ ಅದರಿಂದ ಹುಡುಕಬಹುದು, ಕಕ್ಷಿದಾರರ ಹೆಸರಿನಿಂದಲೂ ಹುಡುಕಬಹುದು. ನಮ್ಮ ಕಡೆ ಒಂದೇ ಹೆಸರಿನವರು ಊರಿಗೆ ಹತ್ತು ಜನ ಇರುವುದರಿಂದ ಹೆಸರನ್ನು ನಂಬಿ ಹೊರಟರೆ ಇನ್ಯಾರದೋ ಕೇಸಿಗೆ ಹೋಗಿ ಮುಟ್ಟುತ್ತೇವೆ. ಈತನಿಗೆ ನೆನಪಿದ್ದದ್ದು ಠಾಣೆಯ ಎಫ್‌ಐಆರ್ ಸಂಖ್ಯೆ ಮಾತ್ರ. ಅದರಿಂದ ಹುಡುಕಲು ಬೇರೆಯೇ ಕಿಂಡಿಯಿದೆ. ಠಾಣೆಯ ಹೆಸರು, ಸಂಖ್ಯೆ, ವರ್ಷ ಕೊಟ್ಟರೆ ಸಾಕು. ಕೊನೆಯಲ್ಲಿ ಬಾಕಿ ಪ್ರಕರಣವೋ ವಿಲೇವಾರಿಯಾದದ್ದೋ ಎಂದು ಕೇಳುತ್ತದೆ. ಮುಗಿದಿದೆ ಎಂದು ಆತ ಹೇಳಿದ್ದನಲ್ಲ, ನಾನು 'ವಿಲೇವಾರಿ' ಎಂದು ಗುರುತು ಹಾಕಿದೆ.

ಆಮೇಲೆ ಪರದೆಯ ಮೇಲೆ ವಕ್ರವಕ್ರವಾದ ಆರು ಅಕ್ಷರಗಳು ಬಂದವು. ಅವನ್ನು ನೋಡಿ ಹಾಗೆಯೇ ಟೈಪು ಮಾಡಬೇಕು. ನನ್ನ ಕನ್ನಡಕಕ್ಕೆ ಅವು ಎರಡು ಸಲ ಸೋಲುಣಿಸಿದವು. ಮೂರನೇ ಸಲ ಆತನೇ ಓದಿ ಹೇಳಿದ.

"ಮನುಷ್ಯನೋ ಯಂತ್ರನೋ ಅಂತ ನೋಡೋದಕ್ಕೆ ಇದು," ಎಂದೆ.

"ಹಂಗಾದ್ರೆ ನೀವು ಎರಡು ಸಲ ಫೇಲಾದ್ರಿ ಸಾ."

ಪ್ರಕರಣ ಸಿಕ್ಕಿತು. 'ಬಿಡುಗಡೆ' ಎಂಬ ಷರಾ ಇತ್ತು. ಆತ ಕುರ್ಚಿಗೆ ಒರಗಿ ಉಸಿರುಬಿಟ್ಟ. ನಾನು ಆದೇಶದ ಪ್ರತಿಯನ್ನು ತೆರೆದು, ನಮ್ಮ ಕಸುಬಿನವರ ಅಭ್ಯಾಸದಂತೆ, ಮೊದಲು ಕೊನೆಯ ಪುಟಕ್ಕೆ ಹೋದೆ. ತೀರ್ಮಾನ ಇರುವುದು ಅಲ್ಲಿ. 'ಆರೋಪಿ 1 ಮತ್ತು 3ರಿಂದ 9ನೇ ಆರೋಪಿಗಳನ್ನು ಬಿಡುಗಡೆ ಮಾಡಲಾಗಿದೆ' ಎಂದಿತ್ತು.

ಒಂದಾದ ಮೇಲೆ ಮೂರು. ಮತ್ತೊಮ್ಮೆ ಓದಿದೆ. ಅಲ್ಲಿಂದ ಮೊದಲ ಪುಟಕ್ಕೆ ಬಂದು ಆರೋಪಿಗಳ ಪಟ್ಟಿ ನೋಡಿದೆ. ಎರಡನೆಯ ಹೆಸರಿನ ಮುಂದೆ ಕಂಸದಲ್ಲಿ ಒಂದು ಸಾಲು: ಗೈರುಹಾಜರಾದ್ದರಿಂದ ಈತನ ವಿರುದ್ಧದ ಪ್ರಕರಣವನ್ನು ಪ್ರತ್ಯೇಕಿಸಲಾಗಿದೆ.

ಮತ್ತೆ ಹಿಂದಕ್ಕೆ ಹೋಗಿ ಅದೇ ಠಾಣೆ, ಅದೇ ಸಂಖ್ಯೆ ಕೊಟ್ಟು ಈ ಸಲ 'ಬಾಕಿ' ಎಂದು ಗುರುತು ಹಾಕಿದೆ. ಇನ್ನೊಂದು ಪ್ರಕರಣ ಬಂತು. ಅದಕ್ಕೆ ಬೇರೆ ಸಂಖ್ಯೆ, ಒಬ್ಬನೇ ಆರೋಪಿ. ಹಂತ ಎಂಬಲ್ಲಿ ಜಾಮೀನುರಹಿತ ವಾರಂಟ್ ಎಂದಿತ್ತು.

ಆತ ಜೇಬಿನಿಂದ ಮೊಬೈಲು ತೆಗೆದ. ಅಣ್ಣನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ.

"ಅಣ್ಣ, ತಾರೀಖಿಗೆ ನೀನು ಹೋಗ್ತಿದ್ಯಲ್ಲ, ನನ್ನ ಹೆಸರು ಕೂಗಿದಾಗ ಏನಂತಿದ್ದೆ?"

"ಏನಂತಾರೆ, ಊರಾಗಿಲ್ಲ, ನಾನು ಬಂದೀನಿ ಅಂತಿದ್ದೆ."

"ಅದು ನಡೀತದಾ ಅಲ್ಲಿ?"

"ಯಾಕ್ ನಡಿಯಲ್ಲಲೇ? ಮನೆಗೊಬ್ರು ಅಂತ ನಾನು ಹೋಗಿದ್ನಲ್ಲ. ಮನೆಯಾಗಿನ ಗಂಡಸರೆಲ್ಲ ಹೋಗಿ ನಿಂತ್ರೆ ದನ ಯಾರು ನೋಡ್ಕಣಾದು?"

ಆ ಮಾತು ನನಗೆ ಹೊಸದಾಗಿರಲಿಲ್ಲ. ಆ ಕಡೆಯ ಹಳ್ಳಿಗಳಲ್ಲಿ ಕೆರೆ ಏರಿಯ ಕೆಲಸವಿರಲಿ, ಮಠದ ದಾಸೋಹಕ್ಕೆ ಸೌದೆ ಒಡೆಯುವುದಿರಲಿ, ಸಾವಿನ ಮನೆಗೆ ಹೋಗುವುದಿರಲಿ, 'ಮನೆಗೊಬ್ಬರು' ಎಂದು ಸಾರಿದರೆ ಮುಗಿಯಿತು. ಒಬ್ಬ ಹೋದರೆ ಇಡೀ ಮನೆ ಹೋದಂತೆ ಲೆಕ್ಕ. ರಸ್ತೆ ತಡೆಗೂ ಹಾಗೆಯೇ ಸಾರಿದ್ದರಂತೆ. ಅವತ್ತು ತಮ್ಮ ರಜೆಯ ಮೇಲೆ ಊರಿನಲ್ಲಿದ್ದುದರಿಂದ ಆ ಮನೆಯಿಂದ ಇಬ್ಬರಾದರು. ನ್ಯಾಯಾಲಯದ ಲೆಕ್ಕ ಮನೆಯದಲ್ಲ, ತಲೆಯದು. ಹೊಸ ಸಂಖ್ಯೆಯ ಸಮನ್ಸು ಹಳ್ಳಿಯ ವಿಳಾಸಕ್ಕೇ ಬಂದಿತ್ತು. ಅದು ಹಳೇ ಕೇಸಿನ ಕಾಗದವೆಂದು ಅಣ್ಣ ಗೋಡೆಗೂಡಿನಲ್ಲಿ ಇಟ್ಟಿದ್ದನಂತೆ.

ಫೋನು ಇಟ್ಟ ಮೇಲೆ ಆತ ಮೆಲ್ಲಗೆ ಕೇಳಿದ: "ಮೊದಲು ಸಿಕ್ತಲ್ಲ ಸಾ, ಆ ಕೇಸಿಂದಷ್ಟೇ ಪ್ರಿಂಟ್ ಕೊಟ್ಬಿಡ್ರಿ. ಬಿಡುಗಡೆ ಅಂತ ಐತಲ್ಲ. ಇಸ್ಕೂಲಿನೋರು ಒಂದು, ಮೂರು ಅಂತ ಎಣಿಸ್ಕೊಂಡು ಕುಂತಿರ್ತಾರಾ?"

"ಯಾರೂ ಎಣಿಸದಿದ್ರೂ ವಾರಂಟ್ ಹಂಗೇ ಇರುತ್ತಪ್ಪ. ಮಕ್ಕಳನ್ನ ಕೂರಿಸ್ಕೊಂಡು ಹೋಗುವಾಗ ದಾರೀಲಿ ನಿಲ್ಲಿಸಿದ್ರೆ?"

ಎರಡೂ ಪ್ರಕರಣಗಳ ವಿವರ ಪ್ರಿಂಟು ಮಾಡಿ ಕೊಟ್ಟೆ. ಬಾಗಿಲವರೆಗೆ ಹೋದವನು ತಿರುಗಿ ಬಂದು, ಮೊಬೈಲಿನಲ್ಲಿ ಇದೇ ಹುಡುಕಾಟವನ್ನು ಮಾಡುವುದು ಹೇಗೆಂದು ಮೊದಲಿನಿಂದ ಹೇಳಿಸಿಕೊಂಡ. ನನ್ನನ್ನು ಕೈಯಾಡಿಸಲು ಬಿಡದೆ ಎಲ್ಲವನ್ನೂ ತಾನೇ ಒತ್ತಿದ. ಆಮೇಲೆ ಹೇಳಿದ: "ನಾಳೆ ಲಾರಿ ಹತ್ತಲ್ಲ. ಹಿರಿಯೂರಿಗೆ ಹೋಗ್ತೀನಿ."

ಅಲ್ಲಿ ಆತ ಹಿಡಿದ ವಕೀಲರಿಗೆ ವಾರಂಟ್ ರದ್ದತಿಯ ಅರ್ಜಿ ಸಿದ್ಧಮಾಡಲು ಎರಡು ದಿನ ಹಿಡಿಯಿತು. ಆತ ಹಾಜರಾದ ದಿನ ಬೇರೊಂದು ಕೆಲಸದ ಮೇಲೆ ನಾನೂ ಹಿರಿಯೂರಿನಲ್ಲಿದ್ದೆ. ನ್ಯಾಯಾಲಯದ ಹಿಂಬದಿಯ ಬೆಂಚಿನಲ್ಲಿ ಕುಳಿತೆ. ಹೆಸರು ಕೂಗಿದಾಗ ಆತ ಮುಂದೆ ಹೋಗಿ ನಿಂತ. ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ನ್ಯಾಯಾಧೀಶರು ಕೇಳಿದರು.

"ನಮ್ಮಣ್ಣ ಬರ್ತಿದ್ದ ಸ್ವಾಮಿ."

"ಅವರು ಬಂದಿದ್ದು ಅವರ ಕೇಸಿಗೆ. ನಿಮ್ಮ ಕೇಸಿಗೆ ನೀವು ಬರಬೇಕಲ್ಲ?"

"ಬಂದೀನಿ ಸ್ವಾಮಿ. ಇನ್ಮೇಲೆ ಪ್ರತಿ ತಾರೀಖಿಗೂ ಬರ್ತೀನಿ."

ವಾರಂಟ್ ರದ್ದಾಯಿತು. ಜಾಮೀನಿಗೆ ಅಣ್ಣನೇ ನಿಂತ. ಜಮೀನಿನ ಪಹಣಿಯನ್ನು ಅಂಗಿಯ ಒಳಜೇಬಿನಲ್ಲಿ ಮಡಿಚಿ ತಂದಿದ್ದ. ಹೊರಗೆ ಬಂದು ಚಹಾ ಕುಡಿಯುವಾಗ ತಮ್ಮನಿಗೆ, "ಒಂದೇ ಮನೆ ಅಂತ ಅವರಿಗೂ ಗೊತ್ತೈತೆ, ಆದ್ರೂ ಕರೆಸ್ತಾರೆ ನೋಡು," ಎಂದ. ತಮ್ಮ, "ನೀನು ಸುಮ್ನಿರು ಮಾರಾಯ," ಎಂದು ಲೋಟ ಕೆಳಗಿಟ್ಟ.

ಅಲ್ಲಿಂದ ಆತ ನೇರವಾಗಿ ಶಾಲೆಗೆ ಹೋಗಿ ಎರಡೂ ಕೇಸಿನ ಹಾಳೆಗಳನ್ನು ಕಾರ್ಯದರ್ಶಿಯ ಮುಂದೆ ಇಟ್ಟು, ಒಂದು ಮುಗಿದಿದೆ, ನನ್ನದು ನಡೆಯುತ್ತಿದೆ ಎಂದು ಹೇಳಿದನಂತೆ. ಅವರು ಕೆಲಸ ಕೊಡಲಿಲ್ಲ. ಶಾಲೆ ಶುರುವಾದಾಗ ವ್ಯಾನಿಗೆ ಬೇರೆ ಚಾಲಕ ಬಂದಿದ್ದ. ಇದನ್ನು ಆತ ಫೋನಿನಲ್ಲಿ ಹೇಳಿದ. ಮುಂದಿನ ತಾರೀಖು ಯಾವತ್ತು ಎಂದು ಮಾತ್ರ ಕೇಳಿದೆ. ಆತ ನೋಡಿಕೊಳ್ಳದೆಯೇ ಹೇಳಿದ.

ಹಿರಿಯೂರಿಗೆ ಆತ ಒಂದು ತಾರೀಖನ್ನೂ ತಪ್ಪಿಸಲಿಲ್ಲ. ಲಾರಿ ಬಾಡಿಗೆಗಳನ್ನು ತಾರೀಖಿಗೆ ಹೊಂದಿಸಿಕೊಂಡ. ಒಮ್ಮೆ ಲಾರಿ ಹೊಳಲ್ಕೆರೆಯಲ್ಲಿ ಕೆಟ್ಟು ನಿಂತಾಗ ಅದನ್ನು ಗ್ಯಾರೇಜಿನಲ್ಲಿ ಬಿಟ್ಟು, ಎರಡು ಬಸ್ಸು ಬದಲಿಸಿ, ಹೆಸರು ಕೂಗುವ ಹೊತ್ತಿಗೆ ಒಳಗಿದ್ದ. ಸಾಕ್ಷಿಗಳಿಗೆ ರಸ್ತೆಯಲ್ಲಿ ಗುಂಪು ಕಂಡ ನೆನಪಿತ್ತು, ಗುಂಪಿನಲ್ಲಿ ಈತನನ್ನು ಕಂಡ ನೆನಪಿರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ತೀರ್ಪು ಬಂತು.

ಆದೇಶದ ಪ್ರತಿ ಜಾಲತಾಣಕ್ಕೆ ಬಂದದ್ದನ್ನು ನನಗಿಂತ ಮೊದಲು ಆತನೇ ನೋಡಿದ. "ಬಂದೈತೆ ಸಾ. ಓದಿ ಹಾಕ್ರಿ," ಎಂದ. ಓದಿದೆ. ಎರಡನೇ ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ. ಜಿಲ್ಲಾ ಪುಟಕ್ಕೆ ನಾಲ್ಕು ಸಾಲು ಬರೆದೆ: ಯಾವ ಪ್ರಕರಣ, ಯಾವ ನ್ಯಾಯಾಲಯ, ಯಾರು, ಏನಾಯಿತು. ಮೊದಲ ವರದಿಯನ್ನು ಇದೇ ಪತ್ರಿಕೆ ಪ್ರಕಟಿಸಿತ್ತು ಎಂಬುದನ್ನೂ ಸೇರಿಸಿದೆ. ಡೆಸ್ಕಿನಲ್ಲಿ ಆ ಸಾಲು ಬೇಕೇ ಎಂದು ಕೇಳಿದರು. ಬೇಕು ಎಂದೆ. ಉಳಿಸಿಕೊಂಡರು.

ದಸರಾ ರಜೆಯಲ್ಲಿ ಶಾಲೆಯ ಚಾಲಕ ಕೆಲಸ ಬಿಟ್ಟ. ಕಾರ್ಯದರ್ಶಿಯೇ ಈತನಿಗೆ ಹೇಳಿಕಳಿಸಿ, ಪೊಲೀಸ್ ಪ್ರಮಾಣಪತ್ರ ತರಿಸಿಕೊಂಡರು. ಬಾಕಿ ಪ್ರಕರಣಗಳಿಲ್ಲ ಎಂದು ಬರೆದಿತ್ತು.

ವ್ಯಾನ್ ಹತ್ತಿದ ಮೊದಲ ದಿನ ಬೆಳಿಗ್ಗೆ ನನಗೆ ಫೋನು ಮಾಡಿದ. ಕೇಸು ಮತ್ತೆ ಏಳುತ್ತದೆಯೇ ಎಂಬುದು ಆತನ ಪ್ರಶ್ನೆ. ಇದ್ದದ್ದನ್ನು ಇದ್ದಂತೆ ಹೇಳಿದೆ: ಸರ್ಕಾರ ಮೇಲ್ಮನವಿ ಹಾಕಿದರೆ ಏಳಬಹುದು. ಇಂಥವಕ್ಕೆ ಹಾಕುವುದು ಅಪರೂಪ, ಆದರೂ ಹಾಕುವುದಿಲ್ಲವೆಂದು ನಾನು ಬರೆದುಕೊಡಲಾರೆ.

"ಹಾಕ್ಲಿ ಬಿಡ್ರಿ, ಹೋಗಿ ನಿಂತ್ಕಂತೀನಿ," ಎಂದ. "ಇಡ್ತೀನಿ ಸಾ, ಮಕ್ಕಳು ಹತ್ತಾಕತ್ತವೆ."