ತೆಲುಗು ಬಲ್ಲ ಪಗ್

ಮಗಳು ಪಗ್ ನಾಯಿಯನ್ನು ಮೊದಲು ನೋಡಿದ್ದು ಟಿ. ನಗರದ ಸೀರೆ ಅಂಗಡಿಯೊಂದರ ಮೆಟ್ಟಿಲ ಮೇಲೆ. ದೀಪಾವಳಿಯ ಜನಜಂಗುಳಿ. ಮನೆಯವರೆಲ್ಲ ಒಳಗೆ ಸೀರೆ ಆರಿಸುತ್ತಿದ್ದಾಗ ಹೊರಗೆ ಕಾಯುತ್ತ ಕೂತಿದ್ದ ಒಬ್ಬ ಮುದುಕರ ತೊಡೆಯ ಮೇಲೆ ಅದು ಮಲಗಿತ್ತು. ಹಣೆಯ ತುಂಬ ನೆರಿಗೆ, ಸುರುಳಿ ಸುತ್ತಿದ ಬಾಲ, ಇದ್ದೂ ಇಲ್ಲದಂಥ ಮೂಗು. ಅದು ಮಗಳ ಮುಖಕ್ಕೇ ಸೀನಿತು. ಇವಳು ಅದರ ಪಕ್ಕ ಕೂತವಳು ನಾವು ಎಬ್ಬಿಸುವವರೆಗೂ ಏಳಲಿಲ್ಲ. ಆಗ ಅವಳಿಗೆ ಹನ್ನೊಂದು ವರ್ಷ. ಅಂದಿನಿಂದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲೆಲ್ಲ ಅದೇ ಮುಖ.

ನಾವು ಮೈಸೂರು ಬಿಟ್ಟು ಚೆನ್ನೈಗೆ ಬಂದು ಏಳು ವರ್ಷವಾಗಿತ್ತು. ಮಾಧವರಂನಲ್ಲಿ, ಹಾಲಿನ ಡೇರಿಯ ಹಿಂದಿನ ಕಾಲೋನಿಯಲ್ಲಿ, ನೆಲಮಹಡಿಯ ಮನೆ. ಮುಂದೆ ಪುಟ್ಟ ಜಗುಲಿ, ಅದರ ಮೇಲೆ ಬೇವಿನ ನೆರಳು. ಮಧ್ಯಾಹ್ನ ಆ ನೆರಳು ಅಲುಗುವುದನ್ನು ನೋಡುತ್ತ ಕೂತರೆ ಎಚ್ಚರವೋ ಜೊಂಪೋ ತಿಳಿಯುತ್ತಿರಲಿಲ್ಲ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಗಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಅದು ನಮಗೂ ರೂಢಿಯಾಗಿತ್ತು.

ನಾಯಿ ತರುವುದೇನೋ ಸರಿ, ಎಲ್ಲಿಂದ ಎನ್ನುವುದರಲ್ಲಿ ನನಗೂ ಗಂಡನಿಗೂ ಒಮ್ಮತವಿರಲಿಲ್ಲ. ಮರಿಯನ್ನು ತಳಿ ಬೆಳೆಸುವವರ ಮನೆಯಿಂದಲೇ ತರಬೇಕು, ಎಳೆಯದಾದರೆ ನಮ್ಮ ಕೈಗೆ ಒಗ್ಗುತ್ತದೆ, ತಾಯಿ ಯಾವುದೆಂದು ಕಣ್ಣಾರೆ ನೋಡಬಹುದು ಎನ್ನುವುದು ಅವರ ವಾದ. ಹುಟ್ಟಿ, ಬೆಳೆದು, ಬೇಡವಾದ ನಾಯಿಗಳೇ ಊರ ತುಂಬ ಇರುವಾಗ ಇನ್ನೊಂದು ಮರಿಯೇಕೆ ಎನ್ನುವುದು ನನ್ನದು. ನಿಜ ಹೇಳಬೇಕೆಂದರೆ, ಮರಿಯನ್ನು ಎತ್ತಿಕೊಳ್ಳುವ ಆಸೆ ನನಗೂ ಇತ್ತು.

ಮೊದಲು ನನ್ನ ಮಾತು ನಡೆಯಿತು. ಜನ ಬಿಟ್ಟುಹೋದ ಪಗ್‌ಗಳನ್ನು ಸಾಕಿ ಒಳ್ಳೆಯ ಮನೆಗಳಿಗೆ ಕೊಡುವ ಒಬ್ಬಾಕೆ ಇದ್ದಾರೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಅರವತ್ತರ ಹತ್ತಿರದ ಹೆಂಗಸು. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ವೈಷ್ಣವ ಮನೆತನ. ಮನೆಯನ್ನು ಆತ್ತು ಎನ್ನುವ, ಅರ್ಧ ತಮಿಳಾಗಿರುವ ಕನ್ನಡ ಅವರದು. ನಮ್ಮನ್ನು ಕೂರಿಸಿಕೊಂಡು ಸಂಬಂಧ ನೋಡಲು ಬಂದವರನ್ನು ಕೇಳುವಂತೆ ಕೇಳಿದರು. ಹಗಲು ಯಾರಿರುತ್ತಾರೆ, ಎಸಿ ಎಷ್ಟು ಹೊತ್ತು ಓಡುತ್ತದೆ, ಊರಿಗೆ ಹೋದರೆ ನಾಯಿ ಎಲ್ಲಿ. ನಾವಿಬ್ಬರೂ ಆಫೀಸಿಗೆ ಹೋಗುತ್ತೇವೆಂದು ತಿಳಿದ ಮೇಲೆ ಲೋಟ ಕೆಳಗಿಟ್ಟರು.

"ಕೋಪ ಮಾಡ್ಕೋಬೇಡಿ. ಪಗ್ಗಿಗೆ ವೆಯ್ಯಿಲು ಅಂದ್ರೆ ಯಮ. ನಿಮ್ಮ ಆತ್ತಲ್ಲಿ ಹಗಲೆಲ್ಲ ಯಾರೂ ಇರಲ್ಲ. ನಾನು ಹ್ಯಾಗೆ ಕೊಡ್ಲಿ, ಸೊಲ್ಲಿ?"

ವೆಯ್ಯಿಲು ಎಂದರೆ ಬಿಸಿಲು, ಸೊಲ್ಲಿ ಎಂದರೆ ಹೇಳಿ. ಮರಳಿ ಬರುವಾಗ ದಾರಿಯುದ್ದಕ್ಕೂ ನನಗೆ ಅವಮಾನವೇ. ಒಳ್ಳೆಯ ಕೆಲಸ ಮಾಡಲು ಹೋದವರಿಗೆ ಬಾಗಿಲು ಹಾಕಿದರೆಂಬ ಸಿಟ್ಟು. ಗಂಡ ಮರುವಾರ ತಿರುವೊಟ್ಟಿಯೂರಿಗೆ ಹೊರಡೋಣವೇ ಎಂದರು.

ಅಲ್ಲಿ ಮರಿ ಮಾಡಿಸುವವರು ಕಾರ್ಖಾನೆಯಿಂದ ನಿವೃತ್ತರಾದ ಮೆತ್ತಗಿನ ಮನುಷ್ಯ. ಸಮುದ್ರಕ್ಕೆ ಎರಡು ಬೀದಿ ಈಚೆಗೆ ಮನೆ. ಪಂಜರ, ಕೊಳಕು, ಕತ್ತಲೆ ಏನೇನೋ ಕಲ್ಪಿಸಿಕೊಂಡು ಹೋಗಿದ್ದೆ. ಅಲ್ಲಿದ್ದದ್ದು ಒರೆಸಿದ ನೆಲ, ತಿರುಗುವ ಫ್ಯಾನು, ಹಳೆಯ ಲುಂಗಿಯ ಮೇಲೆ ಒಂದರ ಮೇಲೊಂದು ಬಿದ್ದುಕೊಂಡ ನಾಲ್ಕು ಮರಿಗಳು. ಒಂದನ್ನೆತ್ತಿ ನನ್ನ ಅಂಗೈಲಿಟ್ಟರು. ಮಾವಿನಹಣ್ಣಿನ ತೂಕ, ಬಿಸಿಬಿಸಿ. ಅದು ಕಣ್ಣು ಕೂಡ ಬಿಡದೆ ನಿದ್ದೆ ಮುಂದುವರಿಸಿತು. ಕಿಟಕಿಯಿಂದ ಉಪ್ಪುಗಾಳಿ ಬಂದು ಪರದೆಯನ್ನು ಉಬ್ಬಿಸಿ, ಮತ್ತೆ ಕೆಳಗಿಳಿಸುತ್ತಿತ್ತು. ಎಷ್ಟು ಹೊತ್ತು ಹಾಗೇ ನಿಂತಿದ್ದೆವೋ. ಮಗಳೂ ಸೇರಿ ನಾವು ಮೂವರಲ್ಲಿ ಯಾರಿಗೂ ಮಾತು ಬೇಡವಾಗಿತ್ತು.

ಆ ಮೌನದಲ್ಲೇ ತಾಯಿಯ ಉಸಿರು ನನಗೆ ಕೇಳಿಸಿದ್ದು. ಮೂಲೆಯಲ್ಲಿ ನೆಲಕ್ಕೆ ಹೊಟ್ಟೆಯಂಟಿಸಿ ಮಲಗಿತ್ತು. ದೂರದಲ್ಲಿ ಯಾರೋ ನಿಧಾನವಾಗಿ ಮರ ಕೊಯ್ಯುತ್ತಿರುವಂಥ ಸದ್ದು. ಯಾಕೆ ಹೀಗೆ ಎಂದು ಕೇಳಿದೆ. ಅವರು ಮುಚ್ಚಿಡಲಿಲ್ಲ. ಮೂಗು ಒಳಗೆ ಹೋದಷ್ಟೂ ಕೊಳ್ಳುವವರಿಗೆ ಇಷ್ಟ, ಎಲ್ಲರೂ ಚಪ್ಪಟೆ ಮುಖವನ್ನೇ ಕೇಳುತ್ತಾರೆ, ಉಸಿರಿನ ಕಷ್ಟ ಮಾತ್ರ ನಾಯಿಗೆ ಎಂದರು. ಇನ್ನು ಇವಳಿಂದ ಮರಿ ಮಾಡಿಸುವುದಿಲ್ಲ, ತನ್ನ ಜೊತೆಯಲ್ಲೇ ಮುದುಕಿಯಾಗಲಿ ಎಂದೂ ಹೇಳಿದರು. ಮರಿಗೆ ಇನ್ನೆರಡು ವಾರ ತಾಯಿಯ ಹಾಲು ಬೇಕಿತ್ತು. ಆಮೇಲೆ ಬಂದು ಒಯ್ಯುತ್ತೇವೆಂದು ಮಾತು ಕೊಟ್ಟು ಬಂದೆವು.

ವಾರ ಕಳೆದಿರಲಿಲ್ಲ. ಭಾನುವಾರ ಬೆಳಿಗ್ಗೆ ಆ ವೈಷ್ಣವರ ಮನೆಯಾಕೆಯಿಂದ ಫೋನು. ಮಾಧವರಂನ ಮೊಫಸಿಲ್ ಬಸ್ ನಿಲ್ದಾಣದಲ್ಲಿ ಯಾರೋ ಒಂದು ಪಗ್ಗನ್ನು ಬೆಂಚಿಗೆ ಕಟ್ಟಿ ಹೋಗಿದ್ದಾರೆ, ತಾವು ಬರಲು ಎರಡು ಗಂಟೆ ಬೇಕು, ನೀವು ಹತ್ತಿರದಲ್ಲಿದ್ದೀರಿ, ಅಷ್ಟು ಹೊತ್ತು ಪಕ್ಕದಲ್ಲಿ ಕೂತರೆ ಸಾಕು ಎಂದರು. ಹಳೆಯ ಸಿಟ್ಟು ನೆನಪಿಗೆ ಬರುವ ಮೊದಲೇ ನಾನು ಚಪ್ಪಲಿ ಮೆಟ್ಟಿಯಾಗಿತ್ತು.

ಆಂಧ್ರದ ಕಡೆಯ ಬಸ್ಸುಗಳು ನಿಲ್ಲುವ ಜಾಗ. ವಿಶಾಲವಾದ ಚಾವಣಿ, ಅರ್ಧ ಖಾಲಿ. ದುಪಟ್ಟಾ ಒಂದರಿಂದ ಕಟ್ಟಿದ್ದರು. ಏಳೆಂಟು ವರ್ಷದ ಗಂಡು ನಾಯಿ, ಕಪ್ಪು ಮುಖ ನರೆತಿತ್ತು, ಒಂದು ಕಣ್ಣಿನಲ್ಲಿ ಹಾಲುಪೊರೆ. ಎಳೆದಾಡುತ್ತಿರಲಿಲ್ಲ, ಅಳುತ್ತಿರಲಿಲ್ಲ. ಬಸ್ಸು ಬಂದು ನಿಂತಾಗಲೆಲ್ಲ ಇಳಿಯುವವರ ಕಾಲುಗಳನ್ನು ಒಂದೊಂದಾಗಿ ನೋಡುತ್ತಿತ್ತು. ಕೊನೆಯವರು ಇಳಿದ ಮೇಲೆ ಮುಂದಿನ ಬಸ್ಸಿನ ಕಡೆ ತಿರುಗುತ್ತಿತ್ತು. ನಾನು ಮಾತಾಡಿಸಿದೆ, ಬಿಸ್ಕತ್ತು ಚಾಚಿದೆ. ಕಿವಿ ಕೂಡ ಅಲುಗಲಿಲ್ಲ. ಎರಡು ಗಂಟೆ ನಾವಿಬ್ಬರೂ ಬಸ್ಸುಗಳನ್ನು ನೋಡುತ್ತ ಕೂತೆವು. ಕೊನೆಕೊನೆಗೆ ನಾನೂ ಯಾರಿಗೋ ಕಾಯುತ್ತಿದ್ದೇನೆ ಅನ್ನಿಸತೊಡಗಿತು.

ಆಕೆ ಬಂದು ಹಲ್ಲು, ಕಣ್ಣು, ಎದೆ ಎಲ್ಲ ಪರೀಕ್ಷಿಸಿದರು. ತಮ್ಮ ಮನೆಯ ನಾಯಿಗಳಿಗೆಲ್ಲ ಕೆಮ್ಮು ಹತ್ತಿದೆ, ಇದನ್ನು ಅಲ್ಲಿಗೆ ಒಯ್ಯುವಂತಿಲ್ಲ ಎಂದರು. ಆಮೇಲೆ, ನನ್ನ ಮುಖ ನೋಡದೆ, ಎರಡು ದಿನ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರು.

ಬಾಗಿಲಲ್ಲಿ ಮಗಳು ಅದನ್ನು ನೋಡಿ, "ಇದು ಎನ್ನೋಡ ಪಗ್ ಇಲ್ಲೆ," ಅಂದು ಒಳಗೆ ಹೋದಳು. ನನ್ನ ಪಗ್ ಇದಲ್ಲ. ಆ ಎರಡು ದಿನ ಅದರ ಪಕ್ಕದಲ್ಲಿ ಹಾದು ಹೋದಳೇ ಹೊರತು ಮುಟ್ಟಲಿಲ್ಲ. ನಾಯಿಯೂ ಹಾಗೇ. ಕನ್ನಡದಲ್ಲಿ ಕರೆದೆವು, ತಮಿಳಿನಲ್ಲಿ, ಇಂಗ್ಲಿಷಿನಲ್ಲಿ. ಉಹುಂ. ಕಿವುಡೇನೋ ಎಂದುಕೊಂಡೆವು.

ಮೂರನೆಯ ದಿನ ಹೂ ಮಾರುವ ಹೆಂಗಸು ಗೇಟಿಗೆ ಬಂದಳು. ನೆಲ್ಲೂರಿನ ಕಡೆಯವಳು, ದಿನಾ ಬರುವವಳೇ. ಮಲ್ಲಿಗೆ ಅಳೆಯುತ್ತ ಜಗುಲಿಯ ಮೇಲಿದ್ದ ನಾಯಿಯನ್ನು ನೋಡಿ, ತನ್ನಷ್ಟಕ್ಕೆ, "ಏಂಟ್ರಾ, ಇಟ್ಲಾ ರಾ," ಅಂದಳು. ಏನೋ, ಬಾರೋ ಇಲ್ಲಿ.

ನಾಯಿ ತಲೆ ಎತ್ತಿತು. ಎದ್ದು ನಿಂತಿತು. ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಗೇಟಿನ ಸಂದಿಯಲ್ಲಿ ಮುಖ ತೂರಿಸಿ ಅವಳ ಪಾದದ ಮೇಲೆ ಗದ್ದವಿಟ್ಟಿತು. ಅವಳು ಅದರ ತಲೆ ಸವರುತ್ತ ತೆಲುಗಿನಲ್ಲಿ ಏನೇನೋ ಕೇಳಿದಳು. ಅದು ಗೊರಗೊರ ಅಂದಿತು. ಎಲ್ಲೋ ಒಂದು ಮನೆ, ಅಡುಗೆಮನೆಯಿಂದ ಕೇಳುವ ತೆಲುಗು, ತಿನ್ನು ಎನ್ನುವ, ಮಲಗು ಎನ್ನುವ ದನಿಗಳು ನನ್ನ ಕಣ್ಣ ಮುಂದೆ ತೇಲಿ ಹೋದವು. ಏಳೆಂಟು ವರ್ಷ ಆ ದನಿಗಳ ನಡುವೆ ಬದುಕಿದ್ದನ್ನು ನಾವು ಕಿವುಡು ಅಂದುಕೊಂಡಿದ್ದೆವು.

ಮಗಳು ಕಿಟಕಿಯಿಂದ ಎಲ್ಲ ನೋಡಿದ್ದಳು. ಅಂದು ಮಧ್ಯಾಹ್ನ ಹೂವಿನವಳ ಪಕ್ಕ ಕೂತು ತೆಲುಗು ಮಾತುಗಳನ್ನು ಕೇಳಿ ಕೇಳಿ ತಮಿಳು ಅಕ್ಷರದಲ್ಲಿ ಬರೆದುಕೊಂಡಳು. ರಾ, ಕೂರ್ಚೋ, ತಿನು, ಪಡುಕೋ. ಬಾ, ಕೂತುಕೋ, ತಿನ್ನು, ಮಲಗು. ಆ ಕಾಗದ ಫ್ರಿಜ್ಜಿನ ಮೇಲೆ ಅಂಟಿತು.

ಮರಿ, ಈ ನಾಯಿ ಎರಡೂ ಬೇಕೆಂದಳು. ಎರಡನ್ನು ಸಾಕುವ ಶಕ್ತಿ ನಮಗಿರಲಿಲ್ಲ. ತಿರುವೊಟ್ಟಿಯೂರಿಗೆ ಫೋನು ಮಾಡುವ ಕೆಲಸ ನನ್ನದೇ ಎಂದುಕೊಂಡಿದ್ದೆ, ಆದರೆ ಗಂಡ ಮೊಬೈಲು ತಗೊಂಡು ಜಗುಲಿಗೆ ಹೋದರು. ಕೊಟ್ಟ ಮಾತಿಗೆ ತಪ್ಪುತ್ತಿದ್ದೇವೆಂದು ಒಪ್ಪಿಕೊಂಡರು. ಆ ಕಡೆಯಿಂದ ಆತ ಕೇಳಿದ್ದು ಬಸ್ ನಿಲ್ದಾಣದ ನಾಯಿಯ ಉಸಿರಾಟ ಹೇಗಿದೆ ಎಂದು. ಮುಖದ ನೆರಿಗೆಗಳನ್ನು ಒದ್ದೆ ಹತ್ತಿಯಿಂದ ಒರೆಸಿ ಒಣಗಿಸಬೇಕು, ಕತ್ತಿಗೆ ಪಟ್ಟಿ ಹಾಕಬಾರದು, ಬಿಸಿಲಿಗೆ ಬಿದ್ದರೆ ಹೊಟ್ಟೆಗೂ ಪಾದಕ್ಕೂ ಒದ್ದೆ ಬಟ್ಟೆ, ಐಸ್ ಮಾತ್ರ ಬೇಡ ಎಂದು ಹೇಳಿಕೊಟ್ಟರು. ಮರಿಗೆ ಮನೆ ಸಿಗುತ್ತದೆ ಸಾರ್, ಆ ವಯಸ್ಸಾದ ನಾಯಿಗೆ ಯಾರು ಬರುತ್ತಾರೆ ಅಂದರಂತೆ. ಮಗಳು ಮಾತ್ರ ಆ ಮರಿಗಾಗಿ ಇಡೀ ದಿನ ಅತ್ತಳು. ಈಗಲೂ ಒಮ್ಮೊಮ್ಮೆ ಅದು ಎಷ್ಟು ದೊಡ್ಡದಾಗಿರಬಹುದು ಎಂದು ಕೇಳುತ್ತಾಳೆ.

ನಾನು ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಮಾಡಲು ಆಫೀಸಿನಲ್ಲಿ ಕೇಳಿಕೊಂಡೆ. ಉಳಿದ ದಿನ ಹೂವಿನವಳು ನಮ್ಮ ಜಗುಲಿಯಲ್ಲೇ ಕೂತು ಹೂ ಕಟ್ಟುವುದೆಂದಾಯಿತು. ಅವಳಿಗೂ ನೆರಳು ಬೇಕಿತ್ತು. ಮಲ್ಲಿಗೆಯ ರಾಶಿಯ ಪಕ್ಕ ನಾಯಿ ಗೊರಕೆ ಹೊಡೆಯುತ್ತ ಮಲಗಿರುತ್ತಿತ್ತು.

ಮೇ ತಿಂಗಳ, ಇಲ್ಲಿಯವರು ಕತ್ತರಿ ಎನ್ನುವ ಸುಡುಬಿಸಿಲಿನ ದಿನವೊಂದರಲ್ಲಿ ಕರೆಂಟು ಹೋಯಿತು. ಶಾಲೆಗೆ ರಜೆ, ನಾನು ಆಫೀಸಿನಲ್ಲಿ. ಮಗಳು ಫೋನು ಮಾಡಿದಾಗ ಅವಳಾಗಲೇ ಆಟೋದಲ್ಲಿದ್ದಳು. ನಾಯಿ ಕುಸಿದಿತ್ತು, ನಾಲಿಗೆ ನೀಲಿಯಾಗಿತ್ತು. ಅವಳು ಟವೆಲುಗಳನ್ನು ನೆನೆಸಿ ಹೊಟ್ಟೆಗೂ ಪಾದಗಳಿಗೂ ಸುತ್ತಿದ್ದಳು. ಹೂವಿನವಳು ಬೀದಿಗೆ ಓಡಿ ಆಟೋ ತಂದಿದ್ದಳು.

ನಾನು ಆಸ್ಪತ್ರೆ ತಲುಪಿದಾಗ ನಾಯಿ ಮೇಜಿನ ಮೇಲೆ ಫ್ಯಾನಿನ ಕೆಳಗಿತ್ತು, ಮೂಗಿಗೆ ಆಮ್ಲಜನಕದ ಕೊಳವೆ. ಮಗಳು ಅದರ ಕಿವಿಗೆ ಬಾಗಿದ್ದಳು. ಬಾಗಿಲಲ್ಲೇ ನಿಂತೆ. ಅವಳು ತೆಲುಗಿನಲ್ಲಿ ಮಾತಾಡುತ್ತಿರಲಿಲ್ಲ, ತಮಿಳಿನಲ್ಲೂ ಅಲ್ಲ.

"ಏನೂ ಆಗಲ್ಲ ಕಂದ. ಇಲ್ಲೇ ಇದೀನಿ. ಏನೂ ಆಗಲ್ಲ."

ಚಿಕ್ಕವಳಿದ್ದಾಗ ಜ್ವರ ಬಂದರೆ ನಾನು ಅವಳಿಗೆ ಹೇಳುತ್ತಿದ್ದ ಮಾತುಗಳು. ಅವು ಅವಳೊಳಗೆ ಉಳಿದಿವೆಯೆಂದು ನನಗೆ ಗೊತ್ತೇ ಇರಲಿಲ್ಲ. ನಾಯಿ ಸಂಜೆಯ ಹೊತ್ತಿಗೆ ನೀರು ನೆಕ್ಕಿತು. ಮರುದಿನ ಮನೆಗೆ ತಂದೆವು.

ವೈಷ್ಣವರ ಮನೆಯಾಕೆ ನಾಯಿಯನ್ನು ನಮ್ಮ ಹೆಸರಿಗೆ ಬರೆದುಕೊಡಲು ಬಂದದ್ದು ಜುಲೈನ ಮೋಡದ ಮಧ್ಯಾಹ್ನ. ಮನೆಯೆಲ್ಲ ಪರೀಕ್ಷಿಸುತ್ತಾರೆಂದು ನಾನು ಒರೆಸಿ ಗುಡಿಸಿ ಇಟ್ಟಿದ್ದೆ. ಅವರು ಏನನ್ನೂ ನೋಡಲಿಲ್ಲ. ನಡುಮನೆಯ ನೆಲದ ಮೇಲೆ ಮಲಗಿದ್ದ ನಾಯಿಯ ಪಕ್ಕ ಗೋಡೆಗೊರಗಿ ಕೂತರು. ಅದು ಕಣ್ಣು ತೆರೆಯದೆ ಅವರ ಮೊಣಕಾಲಿಗೆ ಬೆನ್ನು ತಾಗಿಸಿ ಮತ್ತೆ ಗೊರಕೆಗಿಳಿಯಿತು. ನಾನು ಕಾಫಿ ತರುವಷ್ಟರಲ್ಲಿ ಆಕೆಯೂ ನಿದ್ದೆ ಹೋಗಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಮನೆ ತುಂಬ ಕಾಯಿಲೆಯ ನಾಯಿಗಳನ್ನಿಟ್ಟುಕೊಂಡು ಎಷ್ಟು ದಿನದಿಂದ ನಿದ್ದೆಗೆಟ್ಟಿದ್ದರೋ.

ಎಬ್ಬಿಸಲು ಮನಸ್ಸಾಗಲಿಲ್ಲ. ಗಂಡ ಟಿವಿ ಆರಿಸಿದರು. ಮಗಳು ತನ್ನ ದಿಂಬು ತಂದು ಮೆಲ್ಲಗೆ ಅವರ ತಲೆಯ ಹಿಂದಿಟ್ಟಳು. ಎರಡು ಗೊರಕೆಗಳು, ಒಂದು ಸಣ್ಣದು, ಒಂದು ದೊಡ್ಡದು, ಒಂದರ ಬೆನ್ನಿಗೊಂದು ಏರಿ ಇಳಿಯುತ್ತಿದ್ದವು. ಬೆಳಕು ಬೂದಿಯಾಗುವವರೆಗೂ ನಾವು ಮೂವರು ತುದಿಗಾಲಲ್ಲಿ ಓಡಾಡಿದೆವು. ಆಕೆ ಎದ್ದು ಗಡಿಯಾರ ನೋಡಿ ನಾಚಿದರು, ಇನ್ನೊಂದು ಸಲ ಕಾಫಿ ಕೇಳಿ ಕುಡಿದರು, ಕಾಗದಕ್ಕೆ ಸಹಿ ಹಾಕಿ ಪೆನ್ನನ್ನು ಮಗಳ ಕಡೆ ಚಾಚಿದರು.