ಮಲಗಬಾರದ ಕೆಸರು

ಬೆಳಗಿನ ಐದೂವರೆ. ಶಿಕಾರಿಪುರದ ಹೊರವಲಯದ ಹಳೇ ಅಕ್ಕಿ ಗಿರಣಿಯ ಮುಂದೆ, ನಡುರಾತ್ರಿ ಕಾರವಾರ ಬಿಟ್ಟ ಗೂಡ್ಸ್ ಟೆಂಪೊ ಬಂದು ನಿಂತಿದೆ. ಗುತ್ಯಮ್ಮ ಒಳಗೆ ಹತ್ತಿ, ಎದೆಯೆತ್ತರದ ಪ್ಲಾಸ್ಟಿಕ್ ಕೊಳವೆಯೊಂದನ್ನು ಕಂಬಳಿಯಲ್ಲಿ ಸುತ್ತಿ, ನೆಟ್ಟಗೆ ಅವಚಿಕೊಂಡು ಇಳಿಸುತ್ತಿದ್ದಾರೆ. ಕೊಳವೆಯೊಳಗೆ ಇರುವುದು ಸಮುದ್ರದ ತಳ: ಮೇಲೊಂದು ಗೇಣು ಉಪ್ಪುನೀರು, ಕೆಳಗೆ ಕಪ್ಪು ಕೆಸರು.

ಕಡಲಿಂದ ಇಷ್ಟು ದೂರ, ಅಕ್ಕಿ ಗಿರಣಿಯೊಳಗೆ ಈ ಪ್ರಯೋಗಾಲಯ ಯಾಕೆ? ಮಾಲೀಕ ಶಿವಶಂಕರ ಅವರಿಗೆ ಗಿರಣಿ ಪಿತ್ರಾರ್ಜಿತವಾಗಿ ಬಂತು, ಸಮುದ್ರ ಬರಲಿಲ್ಲ.

ಕೆಲಸ ನೌಕಾಪಡೆಯದು. ತೀರದ ಆಳವಿಲ್ಲದ ನೀರಿನಲ್ಲಿ ಅಡಗಿದ ಜಲಾಂತರ್ಗಾಮಿಯನ್ನು ಶಬ್ದ ಕಳಿಸಿ, ಅದರ ಮಾರ್ದನಿಯಿಂದಲೇ ಹುಡುಕಬೇಕು; ಅದಕ್ಕೆ ತಳದ ಒಂದೊಂದು ಪದರವೂ ಶಬ್ದವನ್ನು ಏನು ಮಾಡುತ್ತದೆಂದು ಇಲ್ಲಿ ಅಳೆಯುತ್ತಾರೆ. "ಮರಳು ಶಬ್ದನ ವಾಪಸ್ ಎಸೀತದೆ, ಕೆಸರು ನುಂಗ್ತದೆ" ಎನ್ನುತ್ತಾರೆ ಎಂಜಿನಿಯರ್ ಸುಷ್ಮಿತಾ. "ಕೊಳವೆ ಮಲಗಿಸಿದ್ರೆ ಪದರ ಕಲಸಿ ಹೋಗಿ ನಮ್ಮ ಅಳತೆಯೆಲ್ಲ ಸುಳ್ಳು." ತಗಡಿನ ಸೂರು ಕಾದರೂ ಅಳತೆ ಕೆಡುತ್ತದೆ, ಅದಕ್ಕೇ ಈ ನಸುಕು.

ಸೊರಬ ತಾಲ್ಲೂಕಿನ ಕುಬಟೂರಿನ ಗುತ್ಯಮ್ಮನವರದು ಕುರಿ ಸಾಕುವ ಮನೆ. ಮಂದೆಯನ್ನು ಮೈದುನ ಕರಿಯಣ್ಣನಿಗೆ ಒಪ್ಪಿಸಿ, ಇಲ್ಲಿ ಕಸ ಗುಡಿಸಲು ಸೇರಿದವರು. ಹಮಾಲಿಗಳು ಕೊಳವೆಯನ್ನು ಹೆಗಲ ಮೇಲೆ ಅಡ್ಡ ಹೊತ್ತು ತಂದಿದ್ದಕ್ಕೆ ಸುಷ್ಮಿತಾ ಕಿರುಚಿದ ದಿನ, ಗುತ್ಯಮ್ಮ ಪೊರಕೆ ಬಿಟ್ಟು ಬಂದರು. "ಆಗಷ್ಟೇ ಹುಟ್ಟಿದ ಮರಿನ ಹಿಂಗೇ ಅಲ್ವೇನ್ರಿ ಒಯ್ಯೋದು? ಕಂಬಳಿ ಒಳಗೆ, ತಲೆ ಮೇಲಾಗಿ?" ಅಂದಿನಿಂದ ಕೊಳವೆ ಇಳಿಸುವುದು ಅವರದೇ ಕೆಲಸ.

ಇವತ್ತು ಬಂದ ನಾಲ್ಕರಲ್ಲಿ ಎರಡು ಹಾಳು. ಜಾಗ ಸಾಲದೆಂದು, ಕಾರವಾರದಲ್ಲಿ ಕೆಸರು ತೆಗೆಯುವ ದೋಣಿಯಲ್ಲೇ ಮಲಗಿಸಿದ್ದಾರೆ. ದೋಣಿಗೆ ತಾನೇ ಹೋಗಬೇಕೆಂಬುದು ಗುತ್ಯಮ್ಮನ ಬಹುದಿನದ ಹಟ. ಕಳಿಸುವುದಿಲ್ಲ ಎಂಬುದು ಮಾಲೀಕರದು.

"ಈಜು ಬರ್ತದೇನಮ್ಮ ನಿನಗೆ?"

"ನಿಮಗೆ ಬರ್ತದೇನ್ರಿ? ನೀವು ಹೋಗಿ ಬಂದ್ರಲ್ಲ."

"ಹೆಂಗಸರನ್ನ ಹತ್ತಿಸಲ್ಲ ಅಂತಾನೆ ದೋಣಿಯವ."

"ಹತ್ತಿಸೋದು ಬ್ಯಾಡ ಅನ್ರಿ. ನಾನೇ ಹತ್ತತೀನಿ."

ಸುಷ್ಮಿತಾ ಕಿಟಕಿಯ ಕಡೆ ತಿರುಗಿ ನಗುತ್ತಾರೆ.

ಸಂಜೆ ಖಾಲಿ ಗಾಡಿ ಕಾರವಾರಕ್ಕೆ ಹೊರಟಾಗ, ಮುಂದಿನ ಸೀಟಿನಲ್ಲಿ ಗುತ್ಯಮ್ಮ ಕೂತಾಗಿದೆ. ಮಡಿಲಲ್ಲಿ ಕಂಬಳಿ, ಮೇಲೆ ರೊಟ್ಟಿ ಗಂಟು. ಡ್ರೈವರ್ ಚನ್ನೇಶ್ ಮಾಲೀಕರ ಮುಖ ನೋಡುತ್ತಾನೆ. ಮಾಲೀಕರು ಸುಷ್ಮಿತಾ ಮುಖ ನೋಡುತ್ತಾರೆ. ಆಕೆ ನೋಡುತ್ತಿರುವುದು ಹಾಳಾದ ಎರಡು ಕೊಳವೆಗಳನ್ನು. ಕೊನೆಗೆ ಶಿವಶಂಕರ ಅವರೇ ಹೋಗಿ ಗೇಟು ತೆಗೆಯುತ್ತಾರೆ. ಆದರೂ ಸುಮ್ಮನೆ ತೆಗೆದರೆ ಮಾಲೀಕತನಕ್ಕೆ ಕುಂದಲ್ಲವೆ?

"ಅಲೆಗೆ ವಾಂತಿ ಬಂದು ಮಲಗಿಬಿಡ್ತೀಯ, ನೋಡ್ಕೊ!"

"ನಾ ಬೇಕಾದ್ರೆ ಮಲಗ್ತೀನಿ ಬಿಡ್ರಿ. ಅದನ್ನ ಮಲಗಿಸಾಕೆ ಒಬ್ಬನ್ನೂ ಬಿಡಲ್ಲ. ಚನ್ನೇಶಾ, ನಡಿ."